ಅಟ್ಟದಲ್ಲಿ ಸದ್ದಿಲ್ಲದ ಕಾಯಿ

ತಿಪಟೂರು
16 ಜೂನ್ 2024

ಚಿ. ಮಧುಶ್ರೀಗೆ,

ಆಶೀರ್ವಾದ ಕಳಿಸಿದ್ದೇನೆ. ಅದನ್ನು ಉಳಿಸಿಕೊಳ್ಳುವುದು ನಿನ್ನ ಕೈಯಲ್ಲಿದೆ.

ನೀನು ಹಾಸ್ಟೆಲ್ ಸೇರಿ ಎರಡು ವಾರವಾಯಿತು. ಊಟ ಸೇರುತ್ತಿಲ್ಲವೆಂದು ನಿನ್ನಮ್ಮ ಅರಳಗುಪ್ಪೆಯಿಂದ ಫೋನ್ ಮಾಡಿ ಅತ್ತಳು. ನನ್ನ ತಂಗಿ ಸುನಿತಾಗೆ ಅಳುವುದು ಬಿಟ್ಟು ಇನ್ನೇನು ಬರುತ್ತದೆ? ಒಂಬತ್ತನೇ ತರಗತಿ ಹುಡುಗಿಗೆ ಮುದ್ದೆ ಸಾರು ಸೇರದಿದ್ದರೆ ಅದು ಸಾರಿನ ತಪ್ಪಲ್ಲ ಎಂದು ಹೇಳಿ ಫೋನ್ ಇಟ್ಟೆ.

ನೀನು ಮಾಡಿದ್ದೇನು ಸಣ್ಣದೇ? ನಮ್ಮ ಮನೆಯಲ್ಲಿದ್ದುಕೊಂಡು ಎರಡು ವರ್ಷ ಓದಿದೆ. ನನ್ನ ಮಗ ರೇವಣನಿಗೂ ನಿನಗೂ ನಾನು ಭೇದ ಮಾಡಲಿಲ್ಲ. ನಿಮ್ಮಪ್ಪ ಹಳೇ ಫೋನ್ ಕೊಟ್ಟದ್ದೇ ತಡ, ಆಟದಲ್ಲಿ ಸಿಕ್ಕ ಯಾವನನ್ನೋ ಅಣ್ಣ ಎಂದು ನಂಬಿ ಯೂನಿಫಾರಂ ತೊಟ್ಟ ಫೋಟೋ ಕಳಿಸಿದೆ. ಅವನು ಅದರ ಮೇಲೆ ಹೊಲಸು ಮಾತು ಬರೆದು ಊರಿಗೆಲ್ಲ ಹಂಚುತ್ತೇನೆ ಎಂದ. ನಾನು ನಿನ್ನನ್ನು ಠಾಣೆಗೆ ಕರೆದುಕೊಂಡು ಹೋದೆ, ಅವನನ್ನು ಬ್ಲಾಕ್ ಮಾಡಿಸಿದೆ. ಬೇರೆ ಮನೆಯಾಗಿದ್ದರೆ ಬಾರುಕೋಲೇ ಮಾತಾಡುತ್ತಿತ್ತು.

ನಿಮ್ಮ ದೊಡ್ಡಪ್ಪ ಕಾಯಿ ಅಟ್ಟಕ್ಕೆ ಹಾಕಿದರೆ ಹನ್ನೊಂದು ತಿಂಗಳು ಕೆಳಗಿಳಿಸುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ಕೊಬ್ಬರಿ ತಾನಾಗಿ ಕರಟ ಬಿಡಬೇಕು. ನಡುವೆ ಒಂದು ಕೊಳೆತರೆ ಮಾತ್ರ ಮೂಗು ಮುಚ್ಚಿಕೊಂಡು ತೆಗೆದು ಹೊರಗೆ ಹಾಕುತ್ತೇವೆ, ಪಕ್ಕದ್ದಕ್ಕೆ ಹತ್ತದಿರಲಿ ಎಂದು. ನನ್ನ ಮನೆಯಲ್ಲಿ ಹನ್ನೊಂದು ವರ್ಷದ ಹುಡುಗನಿದ್ದಾನೆ. ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಆ ಫೋನ್ ನನ್ನ ಬಳಿ ಇದೆ, ಕೇಳಬೇಡ. ಹಾಸ್ಟೆಲಿನ ಫೋನಿನಿಂದಲೂ ಮಾತಾಡುವುದು ಬೇಡ. ಹೇಳುವುದಿದ್ದರೆ ಕಾಗದ ಬರೆ. ಬರೆಯುವವರು ಎರಡು ಸಲ ಯೋಚಿಸುತ್ತಾರೆ, ಸ್ಕ್ರೀನ್ ಒತ್ತುವವರು ಒಂದು ಸಲವೂ ಯೋಚಿಸುವುದಿಲ್ಲ.

ನಿನ್ನ ಒಳ್ಳೆಯದನ್ನೇ ಬಯಸುವ
ದೊಡ್ಡಮ್ಮ ಶಾಂತಕುಮಾರಿ

ಮಧು ಅಕ್ಕ, ನಿನ್ನ ಕೇರಂ ಸ್ಟ್ರೈಕರ್ ನಾನು ಎತ್ತಿಟ್ಟಿದ್ದೀನಿ. ಬಂದಾಗ ಕೊಡ್ತೀನಿ. ಕಾಯಿ ಕೆಲಸಕ್ಕೆ ಬಂದಾಗ ಬೋರಮ್ಮ ನೀನೆಲ್ಲಿ ಅಂತ ಕೇಳಿದಳು. ನೀನಿಲ್ಲದೆ ಬೇಜಾರು. ಅಮ್ಮ ಸಾಕು ನಿಲ್ಲಿಸು ಅಂತಿದ್ದಾಳೆ. — ರೇವಣ

ಚಿಕ್ಕನಾಯಕನಹಳ್ಳಿ
30 ಜೂನ್ 2024

ದೊಡ್ಡಮ್ಮನವರಿಗೆ ಮಧುಶ್ರೀ ಮಾಡುವ ನಮಸ್ಕಾರ.

ನೀವು ಕಳಿಸಿದ ಆಶೀರ್ವಾದ ತಲುಪಿತು. ಟ್ರಂಕಿನಲ್ಲಿ ಸೋಪಿನ ಪಕ್ಕ ಇಟ್ಟಿದ್ದೇನೆ. ಊಟ ಈಗ ಸೇರುತ್ತದೆ. ಹಸಿದರೆ ಎಲ್ಲವೂ ಸೇರುತ್ತದೆ ಎಂದು ವಾರ್ಡನ್ ಕೋಮಲಾ ಮೇಡಂ ಹೇಳಿದ್ದರು, ಹಾಗೇ ಆಯಿತು.

ನೀವು ಫ್ರಿಜ್ ಮೇಲೆ ಅಂಟಿಸಿದ್ದ ನಿಯಮಗಳು ನನಗೆ ಈಗಲೂ ಬಾಯಿಪಾಠ. ಆಟವನ್ನು ನಡುಮನೆಯಲ್ಲಿ ಎಲ್ಲರ ಕಣ್ಣೆದುರು ಆಡಬೇಕು. ಅರ್ಧ ಗಂಟೆಗೆ ಎದ್ದುಬಿಡಬೇಕು. ಹೆಸರು, ಊರು, ಫೋಟೋ ಯಾರಿಗೂ ಕೊಡಬಾರದು. ಯಾರಾದರೂ ಹೆದರಿಸಿದರೆ ಅವತ್ತೇ ದೊಡ್ಡವರಿಗೆ ಹೇಳಬೇಕು. ಮೂರನೆಯದನ್ನು ನಾನು ಮುರಿದೆ, ತಪ್ಪು ನನ್ನದೇ. ನಾಲ್ಕನೆಯದನ್ನು ಮುರಿಯಲಿಲ್ಲ. ಅವನು ಹೆದರಿಸಿದ್ದು ಮಧ್ಯಾಹ್ನ ಮೂರು ಗಂಟೆಗೆ. ನಾಲ್ಕೂವರೆಗೆ ನೀವು ಶಾಲೆಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ನಿಮಗೆ ಹೇಳಿದೆ. ಇನ್ನೊಂದು ಫೋಟೋ ಕಳಿಸು ಎಂದಾಗ ಕಳಿಸಲಿಲ್ಲ. ನಿಮ್ಮ ಕಾಗದದಲ್ಲಿ ಈ ಎರಡು ಮಾತು ಬಿಟ್ಟುಹೋಗಿವೆ.

ಕಾಯಿಯ ವಿಷಯ ಬರೆದಿದ್ದೀರಿ. ಬೋರಮ್ಮನ ಜೊತೆ ಅಟ್ಟ ಹತ್ತಿ ಕಾಯಿ ಅಲ್ಲಾಡಿಸುವ ಕೆಲಸ ನಾನೂ ರೇವಣನೂ ಎರಡು ವರ್ಷ ಮಾಡಿದ್ದೇವೆ. ಕೊಳೆತದ್ದು ವಾಸನೆಯಿಂದಲೇ ಗೊತ್ತಾಗುತ್ತದೆ, ಒಣಗಿದ್ದು ಗಡಗಡ ಎನ್ನುತ್ತದೆ, ಹನ್ನೊಂದು ತಿಂಗಳು ತುಂಬಿದರೂ ಸುಮ್ಮನಿರುವುದನ್ನೇ ಬೇರೆ ಇಟ್ಟು ಅನುಮಾನದಿಂದ ನೋಡಬೇಕು ಎನ್ನುತ್ತಿದ್ದಳು ಅವಳು. ನನ್ನಲ್ಲಿ ಸದ್ದು ಇತ್ತು ದೊಡ್ಡಮ್ಮ. ನಾನೇ ಬಂದು ಹೇಳಿದೆನಲ್ಲ.

ಆನ್‌ಲೈನ್ ಆಟದ ಅಪಾಯದ ಬಗ್ಗೆ ಮಕ್ಕಳಿಗೆ ಪಾಠ ಹೇಳಲು ಇಲಾಖೆಯವರು ನಿಮ್ಮನ್ನು ಸಂಪನ್ಮೂಲ ವ್ಯಕ್ತಿ ಮಾಡಿದ್ದಾರಂತೆ. ಭಾನುವಾರ ಬಂದಾಗ ಅಮ್ಮ ಹೇಳಿದಳು. ಸಂತೋಷವಾಯಿತು. ಒಂದೇ ಬೇಡಿಕೆ ಇದೆ. ನನ್ನ ವಿಷಯವನ್ನು ಅಲ್ಲಿ ಎತ್ತಬೇಡಿ. ರೇವಣನಿಗೆ ಸ್ಟ್ರೈಕರ್ ಅವನೇ ಇಟ್ಟುಕೊಳ್ಳಲಿ ಎಂದು ಹೇಳಿ.

ಇಂತಿ
ಮಧುಶ್ರೀ

ತಿಪಟೂರು
21 ಜುಲೈ 2024

ಚಿ. ಮಧುಶ್ರೀ,

ಕಾಗದ ಓದಿದೆ. ಅಕ್ಷರ ದುಂಡಗಿದೆ, ಅಹಂಕಾರ ಅದಕ್ಕಿಂತ ದುಂಡಗಿದೆ. ಎರಡು ಕಡೆ ಒತ್ತಕ್ಷರ ತಪ್ಪಿದ್ದೀಯ, ಕೆಂಪು ಗೆರೆ ಹಾಕಿ ಇದರ ಜೊತೆಗೇ ವಾಪಸ್ ಕಳಿಸಿದ್ದೇನೆ.

ನಿನ್ನ ಬೇಡಿಕೆ ತಡವಾಯಿತು. ಆಗಲೇ ಒಂಬತ್ತು ಶಾಲೆ ಮುಗಿಸಿದ್ದೇನೆ. ಹೆದರಬೇಡ, ನಿನ್ನ ಹೆಸರು ಎಲ್ಲೂ ಹೇಳಿಲ್ಲ. ಪಾಠದಲ್ಲಿ ಅವಳ ಹೆಸರು ಕುಸುಮ. ಅವಳು ಒಂದಲ್ಲ, ಹತ್ತು ಫೋಟೋ ಕಳಿಸುತ್ತಾಳೆ. ಯಾರಿಗೂ ಹೇಳದೆ ಮುಚ್ಚಿಡುತ್ತಾಳೆ. ಕೊನೆಗೆ ಅಪ್ಪ ಅಮ್ಮ ತಲೆ ಎತ್ತದ ಹಾಗೆ ಮಾಡಿ ಊರು ಬಿಡುತ್ತಾಳೆ. ನಡೆದದ್ದು ಹಾಗಲ್ಲ ಎಂದು ನೀನು ಮೂಗು ಮುರಿಯಬಹುದು. ಒಗ್ಗರಣೆ ಇಲ್ಲದ ಸಾರನ್ನು ಯಾರಮ್ಮ ಉಣ್ಣುತ್ತಾರೆ? ಅವತ್ತೇ ಬಂದು ದೊಡ್ಡವರಿಗೆ ಹೇಳಿದ ಹುಡುಗಿಯ ಕಥೆಗೆ ಮಕ್ಕಳು ಹೆದರುವುದಿಲ್ಲ. ಊರು ಬಿಟ್ಟ ಹುಡುಗಿಯ ಕಥೆಗೆ ಬಿಳಿಗೆರೆ ಶಾಲೆಯಲ್ಲಿ ಹೆಣ್ಣುಮಕ್ಕಳು ಅತ್ತೇಬಿಟ್ಟರು.

ಕೊನೆಯಲ್ಲಿ ಪ್ಲಾಸ್ಟಿಕ್ ಕವರಿನಿಂದ ನಿನ್ನ ಫೋನ್ ತೆಗೆದು, ಆಟ ಆನ್ ಮಾಡಿ ಮೇಲೆತ್ತಿ ತೋರಿಸುತ್ತೇನೆ. ಕುಸುಮಳ ಫೋನ್ ಇದೇ ಎಂದಾಗ ಹಿಂದಿನ ಬೆಂಚಿನವರೂ ಎದ್ದು ನಿಂತು ನೋಡುತ್ತಾರೆ. ನಿನ್ನಿಂದ ಹಾಳಾದದ್ದು ಹೀಗಾದರೂ ನಾಲ್ಕು ಜನಕ್ಕೆ ಉಪಯೋಗಕ್ಕೆ ಬಂತು ಎಂದುಕೋ.

ಮುಂದಿನ ತಿಂಗಳು ಚಿಕ್ಕನಾಯಕನಹಳ್ಳಿ ಕಡೆಯ ಶಾಲೆಗಳಿಗೂ ಕರೆದಿದ್ದಾರೆ.

ದೊಡ್ಡಮ್ಮ

ಅಕ್ಕ, ಅಮ್ಮ ನಮ್ಮ ಸ್ಕೂಲಿಗೂ ಬಂದು ಕಥೆ ಹೇಳಿದಳು. ಕುಸುಮ ಯಾರು ಅಂತ ನಮ್ಮ ಕ್ಲಾಸಿನವರಿಗೆ ಗೊತ್ತು. — ರೇವಣ

ಚಿಕ್ಕನಾಯಕನಹಳ್ಳಿ
18 ಆಗಸ್ಟ್ 2024

ದೊಡ್ಡಮ್ಮ,

ಮೊನ್ನೆ ನೀವು ನಮ್ಮ ಶಾಲೆಗೆ ಬಂದಿರಿ. ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ. ನನ್ನನ್ನು ನೋಡಿದಿರಿ, ಕನ್ನಡಕ ಸರಿಮಾಡಿಕೊಂಡು ಪಾಠ ಶುರುಮಾಡಿದಿರಿ. ನೋಡಿ ನಿಲ್ಲಿಸುತ್ತೀರಿ ಎಂದು ನಾನು ಕುಸುಮ ಊರು ಬಿಡುವ ತನಕ ಕಾದೆ.

ಫೋನ್ ಎತ್ತಿ ತೋರಿಸಿದಿರಿ. ಅದರ ಹಿಂದೆ ನಾನು ಅಂಟಿಸಿದ್ದ ನವಿಲಿನ ಸ್ಟಿಕ್ಕರ್ ಇನ್ನೂ ಇದೆ. ಅಂಥದೇ ಸ್ಟಿಕ್ಕರ್ ನನ್ನ ಜಾಮಿಟ್ರಿ ಬಾಕ್ಸಿನ ಮೇಲೂ ಇದೆ, ಡೆಸ್ಕಿನ ಮೇಲೇ ಇತ್ತು. ಪಕ್ಕದಲ್ಲಿದ್ದ ಹುಡುಗಿ ಫೋನ್ ನೋಡಿದಳು, ಬಾಕ್ಸ್ ನೋಡಿದಳು, ನನ್ನನ್ನು ನೋಡಿದಳು. ಸಂಜೆ ಊಟದ ಸಾಲಿನಲ್ಲಿ ನನಗೆ ಕುಸುಮ ಎಂದು ಹೆಸರಾಗಿತ್ತು. ಮಾರನೇ ದಿನ ಹಾಜರಿ ಕರೆಯುವಾಗ ಒಬ್ಬ ಮೇಷ್ಟ್ರೂ ಬಾಯಿ ತಪ್ಪಿ ಹಾಗೇ ಕರೆದರು, ಆಮೇಲೆ ನಕ್ಕರು.

ನನಗೆ ನಿಮ್ಮ ಮೇಲೆ ಸಿಟ್ಟಿದೆ. ತಪ್ಪು ಮಾಡಿದವರಿಗೆ ಸಿಟ್ಟು ಬರಬಾರದು ಎಂದು ನೀವು ಹೇಳುತ್ತೀರಿ, ಆದರೂ ಇದೆ. ನಾನು ಮುಚ್ಚಿಡಲಿಲ್ಲ. ಮುಚ್ಚಿಟ್ಟವಳು ಕುಸುಮ. ಇಲ್ಲಿ ನಿಮ್ಮ ಪಾಠ ಕೇಳಿದ ಮುನ್ನೂರು ಮಕ್ಕಳಲ್ಲಿ ನಾಳೆ ಯಾರಿಗಾದರೂ ನನ್ನ ಹಾಗೆ ಆದರೆ ಅವರು ದೊಡ್ಡವರಿಗೆ ಹೇಳುತ್ತಾರಾ? ಹೇಳಿದರೆ ಏನಾಗುತ್ತದೆ ಎಂದು ನೀವೇ ವೇದಿಕೆ ಮೇಲೆ ನಿಂತು ತೋರಿಸಿದ್ದೀರಿ.

ಇನ್ನೊಂದು ವಿಷಯ, ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ. ಆ ಫೋನಿನಲ್ಲಿ ನನ್ನ ಐಡಿ ತೆರೆದೇ ಇದೆ. ನೀವು ಆಟ ಆನ್ ಮಾಡಿದಾಗಲೆಲ್ಲ ನಾನು ಆಡುತ್ತಿದ್ದೇನೆ ಎಂದು ಅಲ್ಲಿದ್ದವರಿಗೆ ಕಾಣುತ್ತದೆ. ಒಂದು ಹೆಸರನ್ನು ಬ್ಲಾಕ್ ಮಾಡಿದರೆ ಅವನು ಇನ್ನೊಂದು ಹೆಸರಿನಲ್ಲಿ ಬರುತ್ತಾನೆ. ದಯವಿಟ್ಟು ಆಟ ತೆಗೆದುಹಾಕಿ. ಫೋನನ್ನು ರೇವಣನ ಕೈಗೆ ಸಿಗದ ಕಡೆ ಇಡಿ.

ಮಧುಶ್ರೀ

ತಿಪಟೂರು
8 ಸೆಪ್ಟೆಂಬರ್ 2024

ಮಧುಶ್ರೀಗೆ,

ಶಿಕ್ಷಕರ ದಿನಾಚರಣೆಗೆ ನನಗೆ ಶಾಲು, ಹಾರ, ಫಲತಾಂಬೂಲ ಕೊಟ್ಟು ಸನ್ಮಾನ ಮಾಡಿದರು. ಇಪ್ಪತ್ತಾರು ಶಾಲೆ ಆಯಿತು. ನಿನ್ನ ಕಾಗದವೂ ಅವತ್ತೇ ಕೈಗೆ ಬಂತು, ದೃಷ್ಟಿ ತೆಗೆದ ಹಾಗಾಯಿತು.

ಮೊಟ್ಟೆ ಕೋಳಿಗೆ ಬುದ್ಧಿ ಹೇಳಿತಂತೆ. ಫೋನ್ ಎಲ್ಲಿಡಬೇಕು, ಆಟ ಹೇಗೆ ತೆಗೆಯಬೇಕು ಎಂದು ನೀನು ನನಗೆ ಕಲಿಸುತ್ತೀಯಾ? ಆಟ ತೆಗೆದರೆ ಮಕ್ಕಳಿಗೆ ತೋರಿಸುವುದೇನು, ನನ್ನ ಮುಖವನ್ನೇ? ನಿನ್ನ ಗೆಳತಿಯರು ಏನೆಂದು ಕರೆದರೂ ಎರಡು ದಿನ. ನೀನು ತಲೆ ಬಗ್ಗಿಸಿ ಓದಿದರೆ ಅವರೇ ಮರೆಯುತ್ತಾರೆ.

ರೇವಣನ ಚಿಂತೆ ನಿನಗೆ ಬೇಡ. ಪಾಠ ಯಾರಿಗೆ ಹತ್ತಿತೋ ಬಿಟ್ಟಿತೋ, ನನ್ನ ಮಗನಿಗೆ ಹತ್ತಿದೆ. ಫೋನ್ ಬೇಕು ಎಂದು ಅಳುತ್ತಿದ್ದವನು ಈಗ ಅದರ ಕಡೆ ನೋಡುವುದೂ ಇಲ್ಲ. ಮಾತು ಕಡಿಮೆಯಾಗಿದೆ. ಉಂಡು, ಪುಸ್ತಕ ಹಿಡಿದು ಅಟ್ಟ ಹತ್ತಿದರೆ ಇಳಿಯುವುದು ದೀಪ ಹಚ್ಚುವ ಹೊತ್ತಿಗೆ. ಕೊಬ್ಬರಿ ಮಂಡಿಯಲ್ಲಿ ನಿಮ್ಮ ದೊಡ್ಡಪ್ಪ ಎಲ್ಲರ ಮುಂದೆ ಹೇಳಿಕೊಂಡರಂತೆ, ನಮ್ಮ ಹುಡುಗ ಇದ್ದಾನೋ ಇಲ್ಲವೋ ಅನ್ನುವಷ್ಟು ಸೌಮ್ಯ ಎಂದು.

ನಿನಗೆ ಎರಡು ಸಾಲು ಬರೆ ಎಂದೆ. ಬರೆಯುವುದು ಏನೂ ಇಲ್ಲ ಎಂದ.

ಶಾಂತಕುಮಾರಿ

ತಿಪಟೂರು
11 ನವೆಂಬರ್ 2024

ಮಧು ಅಕ್ಕ,

ಇದನ್ನು ಸ್ಕೂಲಿನಲ್ಲಿ ಕೂತು ಬರೀತಿದ್ದೀನಿ. ಓದಿ ಹರಿದುಹಾಕು. ಅಮ್ಮನಿಗೆ ಹೇಳಬೇಡ. ಮೊದಲೇ ಪ್ರಾಮಿಸ್ ಮಾಡಿ ಆಮೇಲೆ ಓದು.

ಅಮ್ಮನ ಬ್ಯಾಗಿನಿಂದ ನಿನ್ನ ಫೋನ್ ತಗೊಂಡೆ. ಬರೀ ಒಂದು ಮ್ಯಾಚ್ ಆಡಿ ಇಡೋಣ ಅಂತ. ಆವಾಗ ಟೈಗರ್ ಅಣ್ಣ ಅನ್ನೋನು ಬಂದ. ನಿನ್ನ ಐಡಿ ದಿನಾ ಹಗಲು ಹೊತ್ತು ಆನ್‌ಲೈನ್ ಬರ್ತಿತ್ತು, ಆದರೆ ಯಾರೂ ಆಡ್ತಿರಲಿಲ್ಲ, ಯಾಕೆ ಅಂತ ಕೇಳಿದ. ನಾನು ಅವಳ ತಮ್ಮ ಅಂದೆ. ಒಳ್ಳೆಯವನ ಥರ ಇದ್ದ. ಆಟದ ಗನ್‌ಗೆ ಹಾಕೋ ಹೊಸ ಸ್ಕಿನ್ ಕೊಟ್ಟ. ಜಿಮ್ ಮಾಡ್ತೀಯಾ, ತೋಳು ತೋರಿಸು ಅಂದ. ಕಟ್ಟೆಯಲ್ಲಿ ಈಜುವಾಗ ತೆಗೆದಿದ್ದ ಫೋಟೋ ಇತ್ತಲ್ಲ, ಅದನ್ನು ಕಳಿಸಿದೆ. ಈಗ ಅದರ ಮೇಲೆ ಏನೇನೋ ಬರೆದಿದ್ದಾನೆ. ಅವನೇ ಅಕ್ಕ. ನಿನಗೆ ಬರೆದಿದ್ದ ಮಾತೇ.

ನಿಮ್ಮಮ್ಮನ ಸ್ಕೂಲ್ ಗ್ರೂಪಿಗೆ ಹಾಕ್ತೀನಿ ಅಂತಾನೆ. ನಿನ್ನ ಕ್ಲಾಸಿನ ಇಬ್ಬರನ್ನು ಕರ್ಕೊಂಡು ಬಾ, ಬಿಡ್ತೀನಿ ಅಂದ. ಒಬ್ಬನನ್ನು ಸೇರಿಸಿದೆ. ಅವನು ನನ್ನ ಪಕ್ಕದಲ್ಲೇ ಕೂರ್ತಾನೆ. ಈಗ ಅವನೂ ಟಿಫನ್ ತಿನ್ನಲ್ಲ.

ಫೋಟೋ ಏನಾದರೂ ಆಗಲಿ. ಅಮ್ಮನಿಗೆ ಗೊತ್ತಾದರೆ ನನ್ನ ಕಥೆನೂ ಎಲ್ಲಾ ಸ್ಕೂಲಲ್ಲಿ ಹೇಳ್ತಾಳೆ. ನಮ್ಮ ಸ್ಕೂಲಲ್ಲೂ ಹೇಳ್ತಾಳೆ. ನಾನು ಎಲ್ಲಿ ಕೂರಲಿ?

ನಿನ್ನ ತಮ್ಮ
ರೇವಣ

ಚಿಕ್ಕನಾಯಕನಹಳ್ಳಿ
17 ನವೆಂಬರ್ 2024

ದೊಡ್ಡಮ್ಮ,

ಇದನ್ನು ದಯವಿಟ್ಟು ಕೆಂಪು ಪೆನ್ನು ಕೆಳಗಿಟ್ಟು ಓದಿ.

ರೇವಣ ನನಗೆ ಕಾಗದ ಬರೆದಿದ್ದ. ನಿಮಗೆ ಹೇಳಬಾರದೆಂದು ಭಾಷೆ ತೆಗೆದುಕೊಂಡಿದ್ದಾನೆ. ಆ ಭಾಷೆ ಮುರಿಯುತ್ತಿದ್ದೇನೆ. ನನ್ನನ್ನು ಹೆದರಿಸಿದವನೇ ಬೇರೆ ಹೆಸರಿನಲ್ಲಿ ಬಂದು ರೇವಣನನ್ನು ಹಿಡಿದಿದ್ದಾನೆ, ಫೋಟೋ ತೆಗೆದುಕೊಂಡಿದ್ದಾನೆ, ಕ್ಲಾಸಿನ ಇನ್ನೊಬ್ಬ ಹುಡುಗನನ್ನೂ ಅವನ ಕೈಯಿಂದಲೇ ಸೇರಿಸಿಕೊಂಡಿದ್ದಾನೆ. ಫೋನ್ ನಿಮ್ಮ ಬ್ಯಾಗಿನಲ್ಲಿರುವುದೇ. ಕಾಗದ ಓದಿ ಹರಿದುಹಾಕು ಎಂದಿದ್ದ. ಹಾಗೇ ಮಾಡಿದೆ, ಅದು ನಾನು ಮಾಡಿದ ಎರಡನೇ ತಪ್ಪು. ಈಗ ತೋರಿಸಲು ನನ್ನ ಕೈಯಲ್ಲಿ ಏನೂ ಇಲ್ಲ.

ನಿನ್ನೆ ಕೋಮಲಾ ಮೇಡಂ ನಿಮಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ನೀವು ನಕ್ಕದ್ದು ಕೇಳಿಸಿತು. ಅವಳಿಗೆ ಕಥೆ ಕಟ್ಟುವುದು ಅಭ್ಯಾಸ ಎಂದಿರಿ. ಮೇಡಂ ಫೋನ್ ಇಟ್ಟು ನನ್ನ ಮುಖ ನೋಡಿದ ರೀತಿ ನಿಮಗೆ ಬರೆದು ತಿಳಿಸಲಾರೆ.

ನನ್ನನ್ನು ಏನು ಬೇಕಾದರೂ ಅನ್ನಿ. ರೇವಣನನ್ನು ಬೈಯದೆ, ಬೇರೆ ಯಾರೂ ಇಲ್ಲದಾಗ, ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ನಿನ್ನ ವಿಷಯ ಯಾರ ಮುಂದೆಯೂ ಹೇಳುವುದಿಲ್ಲ ಎಂದು ಮೊದಲು ಹೇಳಿ, ಆಮೇಲೆ ಕೇಳಿ. ನೀವು ಹಾಗೆ ಹೇಳದಿದ್ದರೆ ಅವನು ಬಾಯಿ ಬಿಡುವುದಿಲ್ಲ. ಆ ಇನ್ನೊಬ್ಬ ಹುಡುಗನ ಮನೆಗೂ ತಿಳಿಸಬೇಕು. ಫೋನಿನಲ್ಲಿರುವುದನ್ನು ಅಳಿಸದೆ ಪೊಲೀಸರಿಗೆ ಕೊಡಬೇಕು. ಇದೆಲ್ಲ ನಿಮ್ಮ ಪಾಠದಲ್ಲಿ ಇರುವುದೇ.

ಮಧುಶ್ರೀ

ತಿಪಟೂರು
24 ನವೆಂಬರ್ 2024

ಮಧುಶ್ರೀ,

ಕೇಳಿದೆ. ನಿನ್ನ ಆಸೆ ತೀರಲಿ ಎಂದೇ ಕೇಳಿದೆ.

ಮುಚ್ಚಿಟ್ಟು ಕೇಳುವ ಸಂಸಾರ ನಮ್ಮದಲ್ಲ. ನಿಮ್ಮ ದೊಡ್ಡಪ್ಪ, ನಮ್ಮತ್ತೆ, ಕಾಯಿ ಸುಲಿಯಲು ಬಂದವರು ಎಲ್ಲರ ಎದುರಿಗೇ ದೇವರ ಮನೆ ಬಾಗಿಲಲ್ಲಿ ನಿಲ್ಲಿಸಿದೆ. ಮಧು ನಿನ್ನ ಮೇಲೆ ಹೀಗೆ ಬರೆದಿದ್ದಾಳೆ, ಹೌದಾ ಎಂದೆ. ನೆಲ ನೋಡಿದ. "ಕುಸುಮಂಗೆ ಆದ ಗತಿ ನಿಂಗೂ ಬೇಕೇನ್ಲಾ? ಹೇಳು, ದೇವ್ರ ಮುಂದೆ ಹೇಳು" ಎಂದೆ. ಇಲ್ಲ ಎಂದ. ಮೂರು ಸಲ ಕೇಳಿದೆ, ಮೂರು ಸಲವೂ ಇಲ್ಲ ಎಂದ. ಫೋನ್ ತೆಗೆದು ನೋಡಿದೆ, ಅದರಲ್ಲಿ ಒಂದು ಮೆಸೇಜೂ ಇಲ್ಲ.

ಬೋರಮ್ಮ ಮಾತ್ರ ಮಧ್ಯೆ ಬಾಯಿ ಹಾಕಿ, ಮಗ ನಡುಗುತ್ತಿದ್ದಾನೆ ಬಿಡಿ ಎಂದಳು. ಕೂಲಿಗೆ ಬಂದವಳು ಕೂಲಿ ನೋಡಿಕೋ ಎಂದು ಅವಳ ಬಾಯಿ ಮುಚ್ಚಿಸಿದೆ.

ನೀನು ಕೆಟ್ಟೆ, ಅದನ್ನು ಸಹಿಸಿಕೊಂಡೆ. ಈಗ ನನ್ನ ಮಗನಿಗೂ ಮಸಿ ಬಳಿಯಲು ಹೊರಟಿದ್ದೀಯ. ತಾನು ಬಿದ್ದ ಬಾವಿಗೆ ಇನ್ನೊಬ್ಬರನ್ನು ಎಳೆಯುವ ಬುದ್ಧಿ ಇದು. ಹಾಸ್ಟೆಲಿನ ನಂಬರನ್ನು ಬ್ಲಾಕ್ ಮಾಡಿದ್ದೇನೆ. ಇನ್ನು ನಿನ್ನ ಕಾಗದ ಬಂದರೆ ಒಡೆಯುವುದಿಲ್ಲ. ಅಂಚೆಯವನಿಗೆ ಸುಮ್ಮನೆ ಕೆಲಸ ಕೊಡಬೇಡ.

ಶಾಂತಕುಮಾರಿ

ಚಿಕ್ಕನಾಯಕನಹಳ್ಳಿ
12 ಡಿಸೆಂಬರ್ 2024

ದೊಡ್ಡಮ್ಮ,

ಒಡೆಯುವುದಿಲ್ಲ ಎಂದಿದ್ದೀರಿ. ಒಡೆಯಿರಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ, ಕವರಿನ ಮೇಲೂ ಬರೆದಿದ್ದೇನೆ.

ರೇವಣನಿಂದ ಇವತ್ತು ಇನ್ನೊಂದು ಚೀಟಿ ಬಂತು. ಈ ಸಲ ಹರಿಯಲಿಲ್ಲ, ಇದರ ಜೊತೆ ಇಟ್ಟಿದ್ದೇನೆ. ನಾಲ್ಕೇ ಸಾಲು. "ಅಕ್ಕ, ನೀನೂ ಹೇಳಿಬಿಟ್ಟೆ. ಪರವಾಗಿಲ್ಲ, ಅಮ್ಮ ನಂಬಲಿಲ್ಲ. ಸೋಮವಾರ ಗ್ರೂಪಿಗೆ ಹಾಕ್ತಾನಂತೆ. ನಾನು ಅಟ್ಟ ಹತ್ತಿ ಏಣಿ ಮೇಲೆ ಎಳಕೊಳ್ತೀನಿ, ಎಲ್ಲರೂ ಮರೆಯೋ ತನಕ ಇಳಿಯಲ್ಲ."

ಪಡುವಣ ಮೂಲೆಯಲ್ಲಿ, ಕಾಯಿ ರಾಶಿಯ ಹಿಂದೆ ಒಬ್ಬರು ಮುದುರಿ ಕೂರುವಷ್ಟು ಜಾಗವಿದೆ. ನೀವು ನನ್ನನ್ನು ಠಾಣೆಗೆ ಕರೆದುಕೊಂಡು ಹೋಗಿ ಬಂದ ದಿನ ನಾನೂ ಅಲ್ಲೇ ಕೂತಿದ್ದೆ. ಅಲ್ಲಿ ನೀರಿಲ್ಲ. ಹಂಚು ಕಾದರೆ ಉಸಿರಾಡುವುದು ಕಷ್ಟ.

ಮೇಡಂ ಅಮ್ಮನಿಗೆ ಫೋನ್ ಮಾಡಿದರು. ಅಮ್ಮ ನಿಮಗೆ ಮಾಡಿದಳು, ನೀವು ಬೈದು ಇಟ್ಟಿರಿ. ಮಕ್ಕಳ ಸಹಾಯವಾಣಿ 1098ಕ್ಕೆ ಮಾಡಿ ಎಂದು ಮೇಡಂಗೆ ಹೇಳಿದೆ. ಟೀಚರ್ ಮನೆ ವಿಷಯ, ನಮಗೇಕೆ, ಸೋಮವಾರ ನೋಡೋಣ ಎಂದರು. ಸೋಮವಾರ ನೋಡಿದರೆ ತಡವಾಗುತ್ತದೆ.

ನಾನು ಸುಳ್ಳು ಹೇಳುತ್ತಿದ್ದೇನೆ ಎಂದೇ ಇಟ್ಟುಕೊಳ್ಳಿ. ಆ ಸುಳ್ಳನ್ನು ಹಿಡಿಯಲಿಕ್ಕಾದರೂ ಒಮ್ಮೆ ಅಟ್ಟ ಹತ್ತಿ.

ಮಧುಶ್ರೀ

ತಿಪಟೂರು
29 ಡಿಸೆಂಬರ್ 2024

ಮಧೂ,

ನಿನ್ನ ಕವರ್ ಶುಕ್ರವಾರವೇ ಬಂದಿತ್ತು. ಟಿವಿ ಸ್ಟ್ಯಾಂಡ್ ಮೇಲೆ ಇಟ್ಟಿದ್ದೆ. ತುರ್ತು ಎಂದು ನೀನು ದೊಡ್ಡದಾಗಿ ಬರೆದಿದ್ದೆ, ಅದನ್ನು ಓದಿ ನಕ್ಕಿದ್ದೆ.

ಸೋಮವಾರ ಬೆಳಿಗ್ಗೆ ಸ್ಕೂಲಿಗೆಂದು ಹೊರಟವನು ಅಲ್ಲಿಗೆ ಹೋಗಿಲ್ಲ ಎಂದು ಹನ್ನೊಂದಕ್ಕೆ ತಿಳಿಯಿತು. ಅದೇ ಹೊತ್ತಿಗೆ ನಮ್ಮ ಟೀಚರ್ ಗ್ರೂಪಿಗೆ ಆ ಫೋಟೋ ಬಂತು. ಕಟ್ಟೆಯಲ್ಲಿ ಈಜಿ ಬಂದು ಬರಿಮೈಯಲ್ಲಿ ತೋಳು ಮಡಚಿ ನಿಂತ ಹುಡುಗ, ಮೇಲೆ ಹೊಲಸು ಅಕ್ಷರ. ಅಷ್ಟೇ. ನೋಡಿದ ಮೊದಲ ಟೀಚರೇ ಅಳಿಸಿ, ನಂಬರನ್ನು ಪೊಲೀಸರಿಗೆ ಕಳಿಸಿದರು. ಒಬ್ಬರೂ ನಗಲಿಲ್ಲ. ಇಷ್ಟಕ್ಕೆ ಅವನು ಓಡಿಹೋಗಬೇಕಿತ್ತೇ?

ನಿಮ್ಮ ದೊಡ್ಡಪ್ಪ ರೈಲ್ವೆ ಸ್ಟೇಷನ್, ಬಸ್ ಸ್ಟ್ಯಾಂಡ್, ಕಟ್ಟೆ, ಎಲ್ಲ ಕಡೆ ಹುಡುಕಿದರು. ಕಟ್ಟೆಗೆ ಜನ ಇಳಿಸಿದರು. ಸುನಿತಾಗೆ ಸುದ್ದಿ ಮುಟ್ಟಿಸುವುದು ಬೇಡ ಎಂದು ಹೇಳಿ ನಾನು ಜಗಲಿಯಲ್ಲಿ ಕೂತಿದ್ದೆ. ಬಂದವರು ಏನಾಯಿತು ಎಂದು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ನಿನ್ನ ವಿಷಯ ಹೇಳಿದೆ, ನಿನ್ನಿಂದಲೇ ಇದೆಲ್ಲ ಎಂದೆ. ಮಗ ಇಂಥ ಕೆಲಸ ಮಾಡಿ ನನ್ನ ಮಾನ ಕಳೆದ, ನಾಳೆ ಯಾವ ಮುಖ ಇಟ್ಟುಕೊಂಡು ಪಾಠ ಹೇಳಲಿ ಎಂದೆ. ಪೊಲೀಸರ ಮುಂದೆ, ಪಕ್ಕದ ಮನೆಯವರ ಮುಂದೆ, ಒಂದೂವರೆ ದಿನ ಅದನ್ನೇ ಹೇಳಿದೆ. ಜಗಲಿಯ ಮೇಲೇ ಅಟ್ಟ. ನಡುವೆ ಇರುವುದು ಬಿದಿರಿನ ದಬ್ಬೆ.

ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದಾನೆ ಮಧು. ನಾನು ರೇವಣಾ ಎಂದು ಕೂಗಿದ್ದನ್ನೂ, ಆಮೇಲೆ ಹೇಳಿದ್ದನ್ನೂ.

ಮಂಗಳವಾರ ಸಂಜೆ ಬೋರಮ್ಮ ಬಂದಳು. ಅಂಗಳದಲ್ಲಿ ನಿಂತು ನೋಡಿ, "ಏಣಿ ಎಲ್ಲಿಗೆ ಹೋಯ್ತು?" ಎಂದಳು. ಅಷ್ಟು ಜನ ಸೇರಿದ್ದೆವು, ಆ ಪ್ರಶ್ನೆ ಬಂದದ್ದು ಅವಳಿಗೊಬ್ಬಳಿಗೇ. ಪಕ್ಕದ ಮನೆಯಿಂದ ಏಣಿ ತರಿಸಿ ತಾನೇ ಹತ್ತಿದಳು. ಅವನಿಗೆ ಎಚ್ಚರವಿತ್ತು, ತುಟಿ ಒಡೆದಿತ್ತು, ಎರಡು ಕಿವಿಯನ್ನೂ ಕೈಯಿಂದ ಒತ್ತಿ ಹಿಡಿದಿದ್ದನಂತೆ. ಇಳಿಸಿಕೊಂಡು ಬಂದು ನನ್ನ ಮಡಿಲಿಗೆ ಕೊಡಲಿಲ್ಲ. ಆಟೋದವರೆಗೂ ತಾನೇ ಎತ್ತಿಕೊಂಡು ನಡೆದಳು. ಹೋಗುವಾಗ ನನ್ನ ಕಡೆ ತಿರುಗಿ, "ಸದ್ದಿಲ್ದಿದ್ರೆ ಚೆನ್ನಾಗೈತೆ ಅನ್ಕಂಡ್ರಾ ಟೀಚ್ರಮ್ಮ? ಅಟ್ಟ ಇರೋ ಮನೇಲಿದ್ಕಂಡು?" ಎಂದಳು.

ಅವತ್ತು ರಾತ್ರಿ ನಿನ್ನ ಕವರ್ ಒಡೆದೆ.

ಆಸ್ಪತ್ರೆಯಲ್ಲಿ ಎರಡು ದಿನ ಡ್ರಿಪ್ ಹಾಕಿದರು. ನನ್ನ ಕಡೆ ತಿರುಗಲಿಲ್ಲ. ಸುನಿತಾ ಜೊತೆ ಹೋಗುತ್ತೀಯಾ ಎಂದಾಗ ಮಾತ್ರ ತಲೆ ಆಡಿಸಿದ. ಈಗ ಅರಳಗುಪ್ಪೆಯಲ್ಲಿದ್ದಾನೆ. ಅಲ್ಲಿ ಮಾತಾಡುತ್ತಾನಂತೆ. ಆಸ್ಪತ್ರೆಗೆ ಪೊಲೀಸ್ ಮೇಡಂ ಬಂದಿದ್ದರು, ನನ್ನ ಎದುರು ಅವನು ಬಾಯಿಯೇ ಬಿಡಲಿಲ್ಲ. ಆ ಇನ್ನೊಬ್ಬ ಹುಡುಗ ಯಾರೆಂದೂ ನಮಗೆ ತಿಳಿದಿಲ್ಲ.

ಸಂಕ್ರಾಂತಿಗೆ ನೀನು ಊರಿಗೆ ಹೋಗುತ್ತೀಯಲ್ಲ. ನಿನಗೆ ಹೇಳುತ್ತಾನೆ. ಇಷ್ಟು ತಿಂಗಳು ಅವನು ಏನೇನು ಅನುಭವಿಸಿದ, ಆ ಅಟ್ಟದಲ್ಲಿ ಕೂತು ಏನು ಯೋಚಿಸಿದ, ಎಲ್ಲ ಕೇಳಿ ನನಗೆ ಬರೆ. ತಾಯಿಗೆ ತಿಳಿಯುವ ಹಕ್ಕಿಲ್ಲವೇ? ನಾನು ಪಾಠ ಹೇಳುವುದು ಬಿಟ್ಟಿದ್ದೇನೆ. ಇಲಾಖೆಯವರು ಮುಂದಿನ ತಿಂಗಳು ಮತ್ತೆ ಬನ್ನಿ, ಈಗ ನಿಮ್ಮ ಮಾತಿಗೆ ತೂಕ ಹೆಚ್ಚು ಎನ್ನುತ್ತಿದ್ದಾರೆ. ಏನೂ ಹೇಳಿಲ್ಲ.

ನಿನ್ನ ದೊಡ್ಡಮ್ಮ

ಅರಳಗುಪ್ಪೆ
15 ಜನವರಿ 2025

ದೊಡ್ಡಮ್ಮ,

ರೇವಣ ಚೆನ್ನಾಗಿದ್ದಾನೆ. ಎಳ್ಳು ಬೆಲ್ಲ ಹಂಚಲು ನನ್ನ ಜೊತೆ ನಾಲ್ಕು ಮನೆಗೆ ಬಂದ. ಐದನೇ ಮನೆಯಲ್ಲಿ ಒಬ್ಬ ಅಜ್ಜಿ ನೀನು ಟೀಚರ್ ಮಗ ಅಲ್ಲವಾ ಎಂದು ಕೇಳಿದರು. ಅಲ್ಲಿಂದ ವಾಪಸ್ ಬಂದುಬಿಟ್ಟೆವು.

ನೀವು ಹೇಳಿದ ಹಾಗೆ ಕೇಳಿದೆ. ಎಲ್ಲ ಹೇಳಿದ. ಹೇಳಲು ಮೂರು ದಿನ ತೆಗೆದುಕೊಂಡ. ಮೊದಲ ದಿನದಿಂದ ಕೊನೆಯ ದಿನದವರೆಗೆ, ಅವನು ಹೇಳಿದ ಮಾತಿನಲ್ಲೇ ಹನ್ನೊಂದು ಪುಟ ಬರೆದೆ. ಆ ಇನ್ನೊಬ್ಬ ಹುಡುಗನ ಹೆಸರೂ ಅದರಲ್ಲಿದೆ. ನಿನ್ನೆ ಪೊಲೀಸ್ ಮೇಡಂ ಬಂದು ತೆಗೆದುಕೊಂಡು ಹೋದರು. ಅವನ ಪಕ್ಕದಲ್ಲಿ ನೆಲದ ಮೇಲೆ ಕೂತು, ಇದು ನಿನ್ನ ಶಾಲೆಗೂ ಗೊತ್ತಾಗಲ್ಲ, ನಿಮ್ಮಮ್ಮನಿಗೂ ಗೊತ್ತಾಗಲ್ಲ ಎಂದು ಮಾತು ಕೊಟ್ಟರು. ಅದಾದ ಮೇಲೆ ಅವನು ಅತ್ತ. ಇಷ್ಟು ದಿನದಲ್ಲಿ ಮೊದಲ ಸಲ.

ನಿಮಗೆ ಅದರಲ್ಲಿ ಒಂದು ಸಾಲೂ ಬರೆಯುವುದಿಲ್ಲ. ಒಮ್ಮೆ ಅವನ ಭಾಷೆ ಮುರಿದೆ, ಆಗ ಮುರಿಯಲೇಬೇಕಿತ್ತು. ಈಗ ಬೇಕಿಲ್ಲ. ನಿಮಗೆ ನೋವಾಗಲಿ ಎಂದು ಹೀಗೆ ಮಾಡುತ್ತಿದ್ದೇನಾ ಎಂದು ನನ್ನನ್ನೇ ಕೇಳಿಕೊಂಡೆ. ಸ್ವಲ್ಪ ಹೌದು.

ನಿಮಗೆ ಒಂದು ಪ್ರಶ್ನೆ ಕಳಿಸಿದ್ದಾನೆ. ನಿನ್ನೆ ಹಿತ್ತಲಲ್ಲಿ ಕೇರಂ ಆಡುತ್ತಿದ್ದೆವು. ಸ್ಟ್ರೈಕರನ್ನು ಗೆರೆಯ ಮೇಲೆ ಇಟ್ಟವನು ಮತ್ತೆ ಕೈಗೆ ಎತ್ತಿಕೊಂಡ. ಆಮೇಲೆ ನನ್ನ ಮುಖ ನೋಡದೆ ಕೇಳಿದ: "ಅಕ್ಕ, ನಿಂಗೆ ಕುಸುಮ ಅಂತ ಇಟ್ಟಿದ್ಲಲ್ಲ. ಅಮ್ಮ ನಂಗೇನ್ ಹೆಸ್ರಿಟ್ಟವ್ಳೆ?"

ನನಗೆ ಗೊತ್ತಿಲ್ಲ ಎಂದೆ. ಉತ್ತರವನ್ನು ನೀವೇ ಬಂದು ಅವನಿಗೆ ಹೇಳಿ.

ಮಧುಶ್ರೀ